ನೀಲಿಯ ಎದುರು ಉಣ್ಣದ ಮನೆ

ಮಿಲ್ಲಿನಮ್ಮ ಸುಮ್ಮನೆ ಕೂತದ್ದನ್ನು ನಾನು ಕಣ್ತುಂಬ ನೋಡಿದ್ದು ಅವರು ಸತ್ತ ದಿನ. ಅವರ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಪಡಸಾಲೆಯ ಗೋಡೆಗೆ ಆನಿಸಿ, ಹಣೆಗೆ ವಿಭೂತಿ ಬಳಿದು, ಕೊರಳ ತುಂಬ ಹಾರ ಹಾಕಿ ಕೂರಿಸಿದ್ದರು. ಒಳಗೆ ಕಾಲಿಟ್ಟ ನಾನು ಅಳುವುದನ್ನು ಮರೆತು, ಈಗ ಏಳುತ್ತಾರೆ, ಈಗ ಎದ್ದು ಯಾರನ್ನೋ ಗದರುತ್ತಾರೆ ಎಂದು ಕಾಯುತ್ತಾ ನಿಂತೆ. ಅಷ್ಟು ಹೊತ್ತು ಒಂದೇ ಕಡೆ ಕೂರುವ ಹೆಂಗಸಲ್ಲ ಅವರು.

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳ ಹಿಂದಿನ ಓಣಿಯಲ್ಲಿ ಅವರ ಮನೆಗೆ ಎದುರು ಮನೆ ನನ್ನದು. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಹುಟ್ಟಿದ್ದು ಹತ್ತಿರದ ಹಳ್ಳಿ ನನ್ನಿವಾಳದಲ್ಲಿ, ಕೂಲಿ ಮಾಡುವವರ ಮನೆಯಲ್ಲಿ. ಅವರ ಗಂಡ ಶೇಂಗಾ ಎಣ್ಣೆ ಮಿಲ್ಲು ಇಟ್ಟಿದ್ದರಿಂದ ಅವರು ಇಡೀ ಓಣಿಗೆ ಮಿಲ್ಲಿನಮ್ಮ. ಸ್ವಂತ ಹೆಸರು ಏನೆಂದು ಯಾರೂ ಕೇಳಿರಲಿಲ್ಲ, ಅವರೂ ಹೇಳಿಕೊಂಡಿರಲಿಲ್ಲ.

ಶೇಂಗಾ ಸುಲಿಯುವುದನ್ನೂ ಅವರು ನಡೆಯುತ್ತಲೇ ಮಾಡುತ್ತಿದ್ದರು. ಮಡಿಲಲ್ಲಿ ಕಾಯಿ, ಬಾಗಿಲಿಂದ ಬೀದಿ ನಲ್ಲಿಯವರೆಗೆ ಒಂದು ಸುತ್ತು, ಹಿಂದೆ ಸಿಪ್ಪೆಯ ಸಾಲು. ಆಮೇಲೆ ಆ ಸಿಪ್ಪೆಯನ್ನು ಯಾರು ಗುಡಿಸಲಿಲ್ಲವೆಂದು ಓಣಿಯವರನ್ನೆಲ್ಲ ಬೈಯುತ್ತಿದ್ದರು. ಕೋಪ ನೆತ್ತಿಗೇರಿದರೆ ಕನ್ನಡ ಸಾಲುತ್ತಿರಲಿಲ್ಲ, ತೆಲುಗು ಬರುತ್ತಿತ್ತು. ತವರು ಮೊಳಕಾಲ್ಮೂರು. ಅಕ್ಕಪಕ್ಕ ಎಲ್ಲ ಸೀರೆ ನೇಯುವ ತೆಲುಗಿನವರು. "ಪೋರಾ ಪೋ" ಎಂದು ಅವರು ಅಂದರೆ ಮಿಲ್ಲಿನ ಹಮಾಲರು ನಗುತ್ತಾ ಜಾಗ ಖಾಲಿ ಮಾಡುತ್ತಿದ್ದರು.

ದಿನಕ್ಕೆ ಹತ್ತು ಸಲ ನನ್ನ ಹೊಸ್ತಿಲಿಗೆ ಬರುತ್ತಿದ್ದರು. ಒಳಗೆ ಬರುತ್ತಿರಲಿಲ್ಲ.

"ಬರ್ರಿ ಅಮ್ಮಾ, ಕುಂತ್ಕಳ್ರಿ" ಎಂದು ನಾನು ಕರೆಯುವುದು.

"ಕುಂತ್ರೆ ಯೋಚ್ನೆ ಹತ್ಕಂತಾವೆ ಸಿಸ್ಟ್ರಮ್ಮ. ಅಡ್ಡಾಡಿದ್ರೆ ಕಾಲ್ನೋವು ಬರ್ತೈತೆ. ಕಾಲ್ನೋವಿಗಾದ್ರೆ ಮಿಲ್ನಾಗೆ ಎಣ್ಣೆ ಐತೆ" ಎಂದು ಅವರು ಹೇಳುವುದು.

ಇದು ಅರ್ಧ ನಿಜ. ಉಳಿದರ್ಧ ಏನೆಂದರೆ, ನಾನು ದಿನಾ ಬೆಳಿಗ್ಗೆ ಮೊಟ್ಟೆ ಬೇಯಿಸಿಕೊಂಡು ತಿನ್ನುವವಳು. ಅವರೋ ಲಿಂಗಪೂಜೆ ಆಗದೆ ಒಂದು ಗುಟುಕು ನೀರನ್ನೂ ಕುಡಿಯದವರು, ಮದುವೆಗೆ ಹೋದರೂ ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯುತ್ತಿದ್ದವರು. ಒಮ್ಮೆ ನನ್ನ ಮುಖಕ್ಕೇ ಹೇಳಿದ್ದರು: "ನಿನ್ನ ಮ್ಯಾಲೆ ಏನೂ ಇಲ್ಲ ಕಣಮ್ಮ. ನಿನ್ನ ಒಲಿ ಕಂಡ್ರೆ ಆಗಲ್ಲ." ನನಗೆ ಸಿಟ್ಟು ಬಂದಿತ್ತು. ಒಲೆಯನ್ನು ಬೈದರೆ ಮನೆಯವಳನ್ನು ಬೈದ ಹಾಗೆ ಅಲ್ಲವೇ? ಒಂದು ವಾರ ಮಾತು ಬಿಟ್ಟೆ. ಅವರಿಗೆ ಅದು ಗೊತ್ತೇ ಆಗಲಿಲ್ಲ. ಎಂದಿನಂತೆ ಹೊಸ್ತಿಲಿಗೆ ಬಂದು ತಾವೇ ಮಾತಾಡಿ ತಾವೇ ಹೋಗುತ್ತಿದ್ದರು.

ಆದರೆ ನೀಲಿಗೆ ಹಸಿರು ವಾಂತಿಯಾದ ದಿನ ಅವರು ಹೊಸ್ತಿಲನ್ನು ನೋಡಲಿಲ್ಲ. ಮೊಮ್ಮಗಳು ಹುಟ್ಟಿ ಇನ್ನೂ ತಿಂಗಳು ತುಂಬಿರಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ನೇರ ನನ್ನ ನಡುಮನೆಗೆ ನುಗ್ಗಿದರು. ಆ ಹಸಿರೆಂದರೆ ಕರುಳು ಕಟ್ಟಿಕೊಂಡಿದೆ ಎಂದು ನರ್ಸಾಗಿದ್ದ ನನಗೆ ಗೊತ್ತು. "ಓಂಕಾಳು ಗೀಂಕಾಳು ಏನೂ ಬ್ಯಾಡ. ಈಗಿಂದೀಗ್ಲೇ ಕಾರು ತಗೀರಿ" ಎಂದೆ. ದಾವಣಗೆರೆಗೆ, ಅಲ್ಲಿಂದ ಬೆಂಗಳೂರಿಗೆ ಓಡಿದರು. ಕೂಸಿನ ಕರುಳು ಒಳಗೇ ತಿರುಚಿಕೊಂಡು, ರಕ್ತ ಹರಿಯದೆ ಕಪ್ಪಾಗಿತ್ತು. ಕಪ್ಪಾದದ್ದನ್ನೆಲ್ಲ ಕತ್ತರಿಸಿ ತೆಗೆದರು. ಉಳಿದದ್ದು ಒಂದು ಗೇಣು. ಅಷ್ಟರಲ್ಲಿ ಹಾಲೂ ಅರಗುವುದಿಲ್ಲ, ನೀರೂ ಅರಗುವುದಿಲ್ಲ.

ಹಿಂದಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇಂಥ ಮಕ್ಕಳನ್ನು ತಾಯಿಯ ಮಡಿಲಿಗೆ ಕೊಟ್ಟು ನಾವು ಆಚೆ ಮುಖ ಮಾಡಿ ನಿಲ್ಲುತ್ತಿದ್ದೆವು. ಈಗ ಎದೆಯಲ್ಲಿ ಒಂದು ಸಣ್ಣ ನಳಿಕೆ ಇಟ್ಟು, ಊಟದ ಸಾರವನ್ನೆಲ್ಲ ನೇರ ರಕ್ತಕ್ಕೆ ಬಿಡುತ್ತಾರೆ. ಹಾಲಿನ ಬಣ್ಣದ ನೀರಿನ ಚೀಲ. ದಿನಾ ಸಂಜೆ ಅದನ್ನು ಏರಿಸುವುದನ್ನು ಬೆಂಗಳೂರಿನಲ್ಲಿ ನೀಲಿಯ ತಾಯಿಗೆ ಕಲಿಸಿಕೊಟ್ಟರು. ಊರಿಗೆ ಬಂದ ಮೇಲೆ ದಿನಾ ಕೈ ತೊಳೆದು, ಮತ್ತೆ ತೊಳೆದು, ಅವಳ ಪಕ್ಕ ನಾನು ನಿಲ್ಲುತ್ತಿದ್ದೆ. ನಳಿಕೆಯೊಳಗೆ ಕಣ್ಣಿಗೆ ಕಾಣದ ಒಂದು ಹುಳ ಹೋದರೂ ಜ್ವರ ಏರಿ ಮಗು ಕೈಬಿಟ್ಟು ಹೋಗುವಂಥ ಕೆಲಸ ಅದು. ಮಿಲ್ಲಿನಮ್ಮ ಬಾಗಿಲಾಚೆ ಅಡ್ಡಾಡುತ್ತಾ "ಆಯ್ತಾ? ಆಯ್ತೇನ್ರೇ?" ಎನ್ನುತ್ತಿದ್ದರು.

ನೀಲಿ ಬೆಳೆದಳು. ನಡೆದಳು, ಮಾತು ಕಲಿತಳು, ಅಜ್ಜಿಯಷ್ಟೇ ಗದರುವುದನ್ನೂ ಕಲಿತಳು. ಬಾಯಿಗೆ ಏನು ಹಾಕಿದರೂ ನೀರಾಗಿ ಹರಿದು ಹೋಗುತ್ತಿದ್ದುದರಿಂದ, ಹಾಕುವುದನ್ನೇ ಬಿಟ್ಟಿದ್ದರು.

ಮಗು ಕಣ್ಣರಳಿಸಿ ಸುತ್ತಲಿನವರನ್ನು ನೋಡಲು ಶುರು ಮಾಡಿದಾಗ ಮಿಲ್ಲಿನಮ್ಮ ಒಂದು ಕಟ್ಟಳೆ ಮಾಡಿದರು. ನೀಲಿಯ ಎದುರಿಗೆ ಯಾರೂ ಉಣ್ಣಬಾರದು. ನಮ್ಮ ಕಡೆ ಹಸಿದ ಮಗುವನ್ನು ಮುಂದೆ ಕೂರಿಸಿಕೊಂಡು ದೊಡ್ಡವರು ತುತ್ತೆತ್ತುವುದಿಲ್ಲ, ಮೊದಲ ತುತ್ತು ಮಗುವಿನ ಬಾಯಿಗೇ ಹೋಗಬೇಕು. ಕೊಡಲಾಗದ ಮೇಲೆ ತಿನ್ನುವುದು ಎಂಥದು? ಇದು ಅವರ ಲೆಕ್ಕ, ಮತ್ತು ಆ ಲೆಕ್ಕದಲ್ಲಿ ನನಗೂ ತಪ್ಪು ಕಾಣಲಿಲ್ಲ. ಅಡುಗೆಮನೆಗೆ ಬಾಗಿಲು ಬಂತು. ಒಗ್ಗರಣೆ ಹಾಕುವ ಹೊತ್ತಿಗೆ ಮಗುವನ್ನು ಮಿಲ್ಲಿನ ಗೋದಾಮಿಗೆ ಕರೆದೊಯ್ಯಬೇಕು. ಬಂದ ನೆಂಟರಿಗೆ ಒಂದು ಹಿಡಿ ಮಂಡಕ್ಕಿಯನ್ನೂ ಪಡಸಾಲೆಯಲ್ಲಿ ಕೊಡುವಂತಿಲ್ಲ. ಯುಗಾದಿ ಹೋಳಿಗೆ ಬೇಯುತ್ತಿದ್ದುದು ಮಿಲ್ಲಿನ ಕಾವಲುಗಾರನ ಶೆಡ್ಡಿನಲ್ಲಿ. ಮನೆಯವರು ಚಿಲಕ ಹಾಕಿಕೊಂಡು ಸರದಿಯಲ್ಲಿ ಉಣ್ಣುವುದು, ಎಲ್ಲರದೂ ಆದ ಮೇಲೆ ಮಿಲ್ಲಿನಮ್ಮ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತುಕೊಂಡು ಗಬಗಬ ಮುಗಿಸುವುದು. ಒಂದು ಸಲ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ನೀಲಿ ಬಾಗಿಲು ತಳ್ಳಿದಳು. ಅವಳಪ್ಪ ತಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟು, ದವಡೆಯಲ್ಲಿದ್ದ ರೊಟ್ಟಿಯನ್ನು ಅಗಿಯದೆ, ಕೆನ್ನೆ ಊದಿಸಿಕೊಂಡು ನಿಂತ. ನನಗೆ ನಗು ತಡೆಯಲಾಗಲಿಲ್ಲ. ಮಿಲ್ಲಿನಮ್ಮ ನನ್ನನ್ನು ಸುಟ್ಟುಬಿಡುವಂತೆ ನೋಡಿದರು.

ಮೂರು ತುಂಬುವ ಹೊತ್ತಿಗೆ ನೀಲಿಯ ಕಣ್ಣು ಹಳದಿಯಾಯಿತು. ಚೀಲದ ಊಟ ಲಿವರನ್ನು ತಿನ್ನತೊಡಗಿತ್ತು. ನಳಿಕೆ ಹಾಕಲು ಇದ್ದ ರಕ್ತನಾಳಗಳೂ ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಚೆನ್ನೈನ ಡಾಕ್ಟರು, ಇನ್ನು ಕಾಯುವಂತಿಲ್ಲ, ಕರುಳು ಕಸಿ ಮಾಡಬೇಕು ಎಂದರು.

ಕಿಡ್ನಿ ಕಸಿ ಕೇಳಿದ್ದೆವು. ಕರುಳಿನದು ಆಸ್ಪತ್ರೆಯಲ್ಲೇ ಆಯುಷ್ಯ ಕಳೆದ ನನಗೂ ಹೊಸದು. ಕರುಳೆಂದರೆ ಅಂಥ ಕಣ್ಣಿಗೆ ಕಾಣದ ಹುಳಗಳೇ ತುಂಬಿದ ಜಾಗ. ಹೊರಗಿನಿಂದ ತಂದ ಕರುಳನ್ನು ಕಂಡರೆ ಮೈ ಬೇರೆ ಎಲ್ಲದಕ್ಕಿಂತ ಹೆಚ್ಚು ಹಟದಿಂದ ಜಗಳ ಕಾಯುತ್ತದೆ. ಅದಕ್ಕೇ ಈ ಕಸಿ ಬಹಳ ಕಾಲ ಕೈಗೂಡಿರಲಿಲ್ಲ. ಈಗ ಆ ಜಗಳವನ್ನು ಹದ್ದುಬಸ್ತಿನಲ್ಲಿಡುವ ಒಳ್ಳೆಯ ಔಷಧಿಗಳಿವೆ. ಹೊಟ್ಟೆಯ ಮೇಲೆ ಸ್ವಲ್ಪ ಕಾಲ ಒಂದು ಕಿಂಡಿ ಬಿಟ್ಟು, ಅದರಿಂದ ಒಳಗೆ ಇಣುಕಿ, ಕರುಳು ಕೆಂಪಗಿದೆಯೇ ಬಾಡುತ್ತಿದೆಯೇ ಎಂದು ಮೊದಲೇ ತಿಳಿಯುತ್ತಾರೆ. ಕಸಿಯಾದ ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದಾರೆ ಎಂದು ಡಾಕ್ಟರು ಹೇಳಿದರು. ಎಲ್ಲ ಮಕ್ಕಳೂ ಅಲ್ಲ ಎನ್ನುವುದನ್ನೂ ಮುಚ್ಚಿಡಲಿಲ್ಲ. ಇನ್ನೊಂದು ಮಾತು ಹೇಳಿದರು. ನೀಲಿಯ ಹೊಟ್ಟೆ ಖಾಲಿ ಇದ್ದು ಇದ್ದು ಚಿಕ್ಕದಾಗಿದೆ, ದೊಡ್ಡವರ ಕರುಳು ಹಿಡಿಸುವುದಿಲ್ಲ. ಕೊಡುವುದೂ ಒಂದು ಮಗುವೇ ಆಗಿರಬೇಕು.

ಸುದ್ದಿ ಕೇಳಿ ಕೊಂಡ್ಲಹಳ್ಳಿಯಿಂದ ಸೊಸೆಯ ಚಿಕ್ಕಪ್ಪ ಬಂದರು. ಪಂಚೆ ಸರಿ ಮಾಡಿಕೊಂಡು, ಗಂಟಲು ಸರಿ ಮಾಡಿಕೊಂಡು, ಎಲ್ಲರ ಮನಸ್ಸಿನಲ್ಲಿದ್ದದ್ದನ್ನು ಅವರು ಬಾಯಿಬಿಟ್ಟು ಹೇಳಿದರು.

"ಕಣ್ಣಾಗಿದ್ರೆ ಬ್ಯಾರೆ ಮಾತು ಅಕ್ಕಾರೆ. ಇದು ಕರುಳು. ಏನ್ ತಿಂದಿತ್ತೋ, ಎಂಥವರ ಮನೇದೋ. ನಾಳೆ ಜನ ಕೇಳಲ್ವಾ?"

ಮಿಲ್ಲಿನಮ್ಮ ಕಂಬದಿಂದ ಬಾಗಿಲಿಗೆ, ಬಾಗಿಲಿಂದ ಕಂಬಕ್ಕೆ ಓಡಾಡಿದರು. ನೀರನ್ನೂ ಮನೆಯಿಂದ ಒಯ್ಯುವ ಹೆಂಗಸು ಏನು ಹೇಳುತ್ತಾರೋ ಎಂದು ನಾನು ಅವರ ಹೆಜ್ಜೆಯನ್ನೇ ನೋಡುತ್ತಿದ್ದೆ. ಬಾಗಿಲ ಹತ್ತಿರ ತಿರುಗಿ ನನ್ನನ್ನು ಕೇಳಿದರು:

"ಸಿಸ್ಟ್ರಮ್ಮ, ಒಳಗಿಟ್ಟು ಹೊಲಿದ ಮ್ಯಾಲೆ ಆ ಕರುಳು ಯಾರ್ದು?"

"ನೀಲಿದು" ಎಂದೆ.

"ಕೇಳುಸ್ತಾ ಬೀಗ್ರೆ? ನೀಲಿದು. ನೀಲಿ ಕೊಳ್ಳಾಗೆ ಲಿಂಗ ಐತೆ. ಅಲ್ಲಿಗೆ ಮುಗೀತು. ಹೊರಗೆ ನಡೀರಿ, ಕಾಫಿ ಕೊಡ್ತೀನಿ. ಕೂಸು ಇಲ್ಲೇ ಐತೆ."

ಮಗ ಮಿಲ್ಲಿನ ಅರ್ಧ ಪಾಲು ಮಾರಿ, ಹೆಂಡತಿ ಮಗಳೊಂದಿಗೆ ಚೆನ್ನೈಗೆ ಹೋಗಿ ಆಸ್ಪತ್ರೆ ಹತ್ತಿರ ಮನೆ ಮಾಡಿದ. ಕರೆ ಬಂದ ಕೂಡಲೇ ಓಡಬೇಕಲ್ಲ. ಮಿಲ್ಲಿನಮ್ಮ ಇಲ್ಲಿ ಫೋನು ಕೈಯಲ್ಲಿ ಹಿಡಿದುಕೊಂಡು ಓಣಿ ಅಳೆಯುತ್ತಿದ್ದರು. ಒಂದು ಮಧ್ಯಾಹ್ನ ಫೋನು ಬಂತು. ಎಲ್ಲೋ ಒಂದು ಮಗು ತೀರಿಹೋಗಿತ್ತು, ಅದರ ತಂದೆತಾಯಿ ಒಪ್ಪಿದ್ದರು. ನೀಲಿಯನ್ನು ಒಳಗೆ ಕರೆದೊಯ್ದಿದ್ದಾರೆ ಎಂದು ಮಗ ಹೇಳಿದ. ಅವರು ಮಿಲ್ಲಿನ ಕಡೆಗೆ ನಡೆದರು, ನಾನೂ ಜೊತೆಗೆ ನಡೆದೆ. ಗೇಟು ಮುಟ್ಟಿ ವಾಪಸು ಬಂದರು, ಮತ್ತೆ ಹೋದರು. ಹೊತ್ತು ಇಳಿಯುವಾಗ ಇದ್ದಕ್ಕಿದ್ದಂತೆ ಕೇಳಿದರು:

"ಆ ತಾಯಿ ಈಗ ಏನ್ ಮಾಡ್ತಿರ್ತಾಳೆ?"

"ಅಳ್ತಿರ್ತಾಳಮ್ಮ" ಎಂದೆ.

"ಬೆಳಿಗ್ಗೆ ಅದುಕ್ಕೆ ಏನೋ ಉಣಿಸಿರ್ತಾಳೆ" ಎಂದರು. ಮತ್ತೆ ಗೇಟಿನ ಕಡೆ ತಿರುಗಿದರು.

ಕಸಿ ಕೂಡಿತು. ನಡುವೆ ಒಮ್ಮೆ ಮೈ ಹಟ ಹಿಡಿದು ಜ್ವರ ಬಂದು, ಔಷಧಿ ಏರಿಸಿ, ನಾವು ಇಲ್ಲಿ ದೇವರನ್ನೂ ಫೋನನ್ನೂ ಒಟ್ಟಿಗೆ ನೋಡಿಕೊಂಡು ಕೂತದ್ದಾಯಿತು. ಅವರು ಕೂರಲಿಲ್ಲ, ನಾನು ಕೂತೆ. ತಿಂಗಳುಗಳು ಕಳೆದ ಮೇಲೆ ನೀಲಿ ಮನೆಗೆ ಬಂದಳು. ಕಣ್ಣಿನ ಹಳದಿ ಹೋಗಿತ್ತು. ಎದೆಯ ನಳಿಕೆ ಹೋಗಿತ್ತು, ಹೊಟ್ಟೆಯ ಕಿಂಡಿ ಮುಚ್ಚಿತ್ತು. ಹೊಟ್ಟೆಗೆ ನೇರ ಊಟ ಬಿಡುವ ಒಂದು ಕೊಳವೆ ಮಾತ್ರ ಉಳಿದಿತ್ತು. ಒಳಗಿನ ಕರುಳು ಚೆನ್ನಾಗಿ ಕೆಲಸ ಮಾಡುತ್ತಿದೆ, ಇನ್ನು ಮಗು ಬಾಯಿಂದ ತಿನ್ನುವುದನ್ನು ಕಲಿತರೆ ಕೊಳವೆಯೂ ಬೇಡ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಈ ವಯಸ್ಸಿನಲ್ಲಿ ಕಲಿಯದಿದ್ದರೆ ಮುಂದೆ ಕಲಿಯುವುದು ಬಹಳ ಕಷ್ಟ ಎಂದೂ ಹೇಳಿದ್ದರು.

ಅಲ್ಲೇ ಎಲ್ಲ ನಿಂತುಹೋದದ್ದು. ನೀಲಿಗೆ ತಿನ್ನಲು ಬರುತ್ತಿರಲಿಲ್ಲ.

ಚಮಚ ಕಂಡರೆ ವಾಕರಿಸುತ್ತಿದ್ದಳು. ಅವಳ ಪಾಲಿಗೆ ಬಾಯಿಗೆ ಬರುವುದೆಂದರೆ ಔಷಧಿ, ಇಲ್ಲವೇ ನಳಿಕೆ. ಚೆನ್ನೈನಿಂದ ಊಟ ಕಲಿಸುವ ಒಬ್ಬ ಹುಡುಗಿ ವಿಡಿಯೋದಲ್ಲಿ ಹೇಳಿದಳು, ಒತ್ತಾಯ ಬೇಡ, ಮನೆಯವರು ಊಟ ಮಾಡುವಾಗ ಮಗುವನ್ನೂ ಜೊತೆಗೆ ಕೂರಿಸಿಕೊಳ್ಳಿ ಅಂತ. ಇವರು ಕೂರಿಸಿದರು. ಮಣೆ ಹಾಕಿ, ಬೆಳ್ಳಿ ತಟ್ಟೆ ಇಟ್ಟು, ಮೆತ್ತಗೆ ಕಲಸಿದ ಅನ್ನ ಬಡಿಸಿ, ಸುತ್ತ ನಿಂತುಕೊಂಡರು. ಅಪ್ಪ, ಅವ್ವ, ಅಜ್ಜಿ, ನಾನು. ಮಗು ಉಣ್ಣದೆ ನಾವು ಹೇಗೆ ಉಣ್ಣುವುದು ಎಂದು ಯಾರೂ ತಟ್ಟೆ ಇಟ್ಟುಕೊಳ್ಳಲಿಲ್ಲ. "ಆ ಅನ್ನು, ಆ ಅನ್ನು ಮಗ" ಎನ್ನುತ್ತಾ ಎಲ್ಲರೂ ಬಾಯಿ ತೆರೆದು ನಿಂತಿದ್ದೆವು. ಮುಚ್ಚಿದ್ದು ನೀಲಿಯ ಬಾಯೊಂದೇ.

"ಬಾಯಿ ಮಾತಾಡಕಲ್ವಾ ಅಜ್ಜಿ?" ಎಂದಳು ಒಂದು ದಿನ. ತರಲೆ ಮಾಡುತ್ತಿರಲಿಲ್ಲ, ನಿಜವಾಗಿ ಕೇಳುತ್ತಿದ್ದಳು. ಅವಳವ್ವ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋದಳು.

ಎರಡು ದಿನ ಬಿಟ್ಟು ಮಿಲ್ಲಿನಮ್ಮ ನನ್ನ ಹೊಸ್ತಿಲಿಗೆ ಬಂದರು.

"ಕರುಳಿಗೆ ನಮ್ಮನೆ ಊಟ ಗೊತ್ತಿಲ್ಲ ಕಣಮ್ಮ. ಅದು ಅವ್ವನ್ನ ಬಿಟ್ಟು ಬಂದೈತೆ."

"ಕರುಳಿಗೆ ನೆನಪು ಗಿನಪು ಇರಲ್ಲಮ್ಮ. ಬಾಯಿಗೆ ರೂಢಿ ಇಲ್ಲ, ಅಷ್ಟೆ."

"ನೀನು ಆಸ್ಪತ್ರೇಲಿ ಓದಿದೀಯ. ನಾನು ಸೊಸೇರ್ನ ನೋಡಿದೀನಿ. ಹೊಸ ಮನೆಗೆ ಬಂದ ಹುಡುಗಿ ತವರು ಮನೆ ಸಾರು ಕಾಣೋ ತನಕ ಸರಿಯಾಗಿ ಉಣ್ಣಲ್ಲ. ಆ ತಾಯಿ ಅದುಕ್ಕೆ ಏನ್ ಉಣಿಸ್ತಿದ್ಳು, ಅದು ನಂಗೆ ಬೇಕು."

ಕೊಟ್ಟವರು ಯಾರೆಂದು ಆಸ್ಪತ್ರೆಯವರು ಹೇಳುವುದಿಲ್ಲ. ಹೇಳಬಾರದು ಕೂಡ. ಅದು ಮಿಲ್ಲಿನಮ್ಮನಿಗೂ ಗೊತ್ತಿತ್ತು. ಅದಕ್ಕೆ ಯಾರ ಮನೆಯಲ್ಲಿ ಕೂಸಿಗೆ ಏನು ಉಣಿಸುತ್ತಾರೆಂದು ಊರೆಲ್ಲ ವಿಚಾರಿಸಲು ಹೊರಟರು. ಬಳೆ ಅಂಗಡಿ ಬೀಬಿಯ ಅಂಗಳದಲ್ಲಿ ನಿಂತು, ನಿಮ್ಮ ಮಕ್ಕಳಿಗೆ ಮೊದಲು ಏನು ಕೊಡುತ್ತೀರಿ ಎಂದು ಕೇಳಿದರು. ಬೀಬಿ ಖಿಚಡಿ ಹೇಳಿಕೊಟ್ಟಳು. ಮೊಳಕಾಲ್ಮೂರಿಗೆ ನನ್ನನ್ನೂ ಎಳೆದುಕೊಂಡು ಹೋದರು. ಬಸ್ಸಿನ ತುಂಬ ಖಾಲಿ ಸೀಟು, ಇವರು ಕಂಬಿ ಹಿಡಿದು ನಿಂತದ್ದು. "ಸೀಟ್ ಐತಲ್ರಿ ಅಜ್ಜಿ" ಎಂದ ಕಂಡಕ್ಟರ್. "ಟಿಕೆಟ್ ತಗಂಡಿದೀನಲ್ಲಪ್ಪ, ನಿಂತ್ರೆ ನಿಂಗೇನು?" ಎಂದರು. ತವರಿನ ಬೀದಿಯಲ್ಲಿ ಮಗ್ಗದ ಸದ್ದಿನ ನಡುವೆ ನೇಕಾರರ ಹೆಂಗಸೊಬ್ಬಳು "ಚಿನ್ನ ಪಿಲ್ಲಲಕಿ ಉಗ್ಗು ಪೆಡತಾಮಮ್ಮ" ಎಂದು, ಸಣ್ಣ ಮಕ್ಕಳಿಗೆ ಉಣಿಸುವ ಆ ಉಗ್ಗಿಗೆ ಅಕ್ಕಿ ಹೆಸರುಬೇಳೆ ಹುರಿದು ಬೀಸಿ ಗಂಜಿ ಕಾಯಿಸುವುದನ್ನು ತೋರಿಸಿದಳು. ಮಿಲ್ಲಿನಮ್ಮ ಅವಳ ಒಲೆಯ ಪಕ್ಕದಲ್ಲಿ ನಿಂತು ಬಗ್ಗಿ ನೋಡಿದರು. ಎಂದೂ ಯಾರ ಒಲೆಯನ್ನೂ ಅಷ್ಟು ಹತ್ತಿರದಿಂದ ನೋಡಿದವರಲ್ಲ.

ಖಿಚಡಿಗೂ ನೀಲಿ ಬಾಯಿ ತೆರೆಯಲಿಲ್ಲ, ಉಗ್ಗಿಗೂ ತೆರೆಯಲಿಲ್ಲ. ಮಿಲ್ಲಿನಮ್ಮನ ಹೆಜ್ಜೆ ಇನ್ನೂ ಬಿರುಸಾಯಿತು. ಆ ಹೆಜ್ಜೆಯ ಸದ್ದು ಕೇಳಿ ಕೇಳಿ ನನಗೇ ತಲೆ ಕೆಟ್ಟಿತು. ಒಂದು ಮಧ್ಯಾಹ್ನ ನಾನು ಪಾತ್ರೆ ತೊಳೆಯುತ್ತಿದ್ದಾಗ, ಅವರು ನೀಲಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊಸ್ತಿಲು ದಾಟಿ, ನಡುಮನೆ ದಾಟಿ, ನನ್ನ ಅಡುಗೆಮನೆಗೇ ಬಂದರು.

"ಸಿಸ್ಟ್ರಮ್ಮ, ಒಂದು ಮೊಟ್ಟೆ ಬೇಯ್ಸು."

ತೊಳೆಯುತ್ತಿದ್ದ ಲೋಟ ಕೈಜಾರಿತು.

"ನೋಡ್ತೀಯೇನು? ಸುಮಾರು ಮನೇಲಿ ಮಕ್ಳಿಗೆ ಕೊಡೋದು ಅದೇ ಅಂತೆ. ಬೀಬಿ ಹೇಳಿದ್ಳು, ಆ ನೇಯೋ ಹೆಣ್ಮಗಳೂ ಹೇಳಿದ್ಳು. ಡಾಕ್ಟ್ರೂ ಬ್ಯಾಡ ಅಂದಿಲ್ಲ. ಚೆನ್ನಾಗಿ ಬೇಯ್ಸಿ ಕೊಡಬೌದು ಅಂತ ನೀನೇ ಅಂದಿದ್ದಿ."

ಗಟ್ಟಿಯಾಗುವವರೆಗೆ ಬೇಯಿಸಿದೆ. ಸಿಪ್ಪೆ ತೆಗೆದು ತಟ್ಟೆಯಲ್ಲಿಟ್ಟೆ. ಅವರು ನೀಲಿಯನ್ನು ನೆಲಕ್ಕಿಳಿಸಿ, ಎರಡು ಬೆರಳಲ್ಲಿ ಒಂದು ಚೂರು ಮುರಿದು, ಮುಖ ಆಚೆ ತಿರುಗಿಸಿಕೊಂಡು ಮಗುವಿನ ಬಾಯಿಗೆ ಹಿಡಿದರು. ನೀಲಿ ಹಲ್ಲು ಕಚ್ಚಿಕೊಂಡಳು.

"ಇದು ಕಲ್ಲು. ಬಿಳಿ ಕಲ್ಲು. ನಂಗ್ ಬ್ಯಾಡ."

ಅವರ ಕೈ ಹಾಗೇ ನಿಂತಿತು. ಬೈಯುತ್ತಾರೆ ಎಂದುಕೊಂಡೆ. ತೆಲುಗು ಬರುತ್ತದೆ ಎಂದುಕೊಂಡೆ. ಅವರು ನನ್ನ ಅಡುಗೆಮನೆಯ ನೆಲದ ಮೇಲೆ, ನನ್ನ ಒಲೆಯ ಎದುರಿಗೆ ಕೂತುಬಿಟ್ಟರು. ಸೋತು ಕೂತರು. ಕೊರಳಲ್ಲಿದ್ದ ಲಿಂಗವನ್ನು ಸೆರಗಿನ ಮೇಲಿಂದ ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ತುಟಿಯಲ್ಲೇ ಏನೋ ಅಂದುಕೊಂಡರು.

"ಕಲ್ಲಲ್ಲ ಕಣವ್ವ. ನೋಡು" ಎಂದು ಆ ಚೂರನ್ನು ತಮ್ಮ ಬಾಯಿಗೆ ಹಾಕಿಕೊಂಡರು.

ಅಗಿದರು. ಕಣ್ಣಲ್ಲಿ ನೀರು ಬಂತು. ಗಂಟಲು ಒಮ್ಮೆ ಒಪ್ಪಲಿಲ್ಲ, ಮತ್ತೊಮ್ಮೆ ಒಪ್ಪಿತು. ನಾನು ಅವರನ್ನೇ ನೋಡುತ್ತಿದ್ದೆ. ಆಮೇಲೆ ನೀಲಿಯನ್ನು ನೋಡಿದೆ. ಮಗು ಅಜ್ಜಿಯ ದವಡೆಗೆ ಮುಖ ಹತ್ತಿರ ತಂದು, ಕಣ್ಣು ಮಿಟುಕಿಸದೆ ನಿಂತಿತ್ತು. ಹುಟ್ಟಿದ ಮೇಲೆ ಒಬ್ಬರು ತಿನ್ನುವುದನ್ನು ಶುರುವಿನಿಂದ ಕೊನೆಯವರೆಗೆ ಅವಳು ನೋಡಿದ್ದು ಅದೇ ಮೊದಲು.

"ಅಜ್ಜಿ, ಅದು ಎಲ್ಲಿಗೋಯ್ತು?"

ಅಜ್ಜಿ ಬಾಯಿ ಅಗಲಿಸಿ ತೋರಿಸಿದರು. ನೀಲಿ ಒಳಗೆ ಬೆರಳು ಹಾಕಿ, ನಾಲಿಗೆ ಎತ್ತಿ, ಕೆನ್ನೆಯ ಒಳಗೆಲ್ಲ ತಡಕಿದಳು. ಎಲ್ಲೂ ಇಲ್ಲ.

"ಇಲ್ಲಿಗೋಯ್ತು" ಎಂದು ಮಿಲ್ಲಿನಮ್ಮ ಹೊಟ್ಟೆ ತಟ್ಟಿಕೊಂಡರು.

ನೀಲಿ ತಟ್ಟೆಯ ಕಡೆ ನೋಡಿದಳು. ಹಳದಿಯ ಪುಡಿ ಬಿದ್ದಿತ್ತು. ಅದಕ್ಕೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. ಮುಖ ಕಿವುಚಿದಳು. ವಾಕರಿಕೆ ಬರಲಿಲ್ಲ. ಗಂಟಲು ಒಂದು ಸಲ ಆಡಿತು. ಬಾಯಿ ತೆರೆದು ಅಜ್ಜಿಗೆ ತೋರಿಸಿದಳು.

"ನಂದೂ ಹೋಯ್ತಾ?"

"ಹೋಯ್ತು ಕಣವ್ವ. ಎಲ್ಲಾ ಹೋಯ್ತು" ಎಂದು ಅವರು ಅತ್ತರು. ನಾನೂ ಅತ್ತೆ, ನಾಚಿಕೆ ಏನು ಬಂತು.

ಆಮೇಲೆ ನನಗೆ ಕಂಡದ್ದನ್ನು ನಾನು ಅವರಿಗೆ ಹೇಳಿದೆ. ಅವಳು ನುಂಗಿದ್ದು ಮೊಟ್ಟೆಯಿಂದಲ್ಲ ಅಮ್ಮಾ, ನೀವು ತಿಂದಿದ್ದನ್ನ ನೋಡಿ ಅಂತ. ಅವರು ಎದ್ದು ಹೋಗಲಿಲ್ಲ.

"ಹಂಗಾರೆ ಕೂಸಿಗೆ ತೋರಿಸ್ದೆ ಇಟ್ಟಿದ್ದು ನಾನೇನಾ?" ಎಂದು ಕೂತಲ್ಲಿಂದಲೇ ಕೇಳಿದರು.

"ಪ್ರೀತಿಯಿಂದ ಮಾಡಿದ್ರಿ" ಎಂದೆ. ಆ ಮುಖವನ್ನು ಈಗ ನೆನೆದರೂ ಸಂಕಟವಾಗುತ್ತದೆ.

ಮನೆಗೆ ಹೋದ ಕೂಡಲೇ ನೀಲಿ ಓಣಿಗೆಲ್ಲ ಕೇಳುವಂತೆ ಕೂಗಿದಳು, "ಅಜ್ಜಿ ಸಿಸ್ಟ್ರಮ್ಮನ ಮನೇಲಿ ಬಿಳಿ ಕಲ್ಲು ತಿಂದ್ಲು." ಮಗ ತಾಯಿಯ ಮುಖ ನೋಡಿದ, ಸೊಸೆ ನೆಲ ನೋಡಿದಳು. "ತಿಂದೆ. ಏನೀಗ?" ಎಂದರು ಮಿಲ್ಲಿನಮ್ಮ. ಅಡುಗೆಮನೆಯ ಚಿಲಕ ತೆಗೆಸಿದರು. ಪಡಸಾಲೆಯಲ್ಲಿ ಸಾಲಾಗಿ ತಟ್ಟೆ ಹಾಕಿಸಿದರು. "ಎಲ್ರೂ ಕುಂತ್ಕಂಡು ಉಣ್ರಿ. ಇವಳ ಎದ್ರಿಗೇ ಉಣ್ರಿ. ಬಾಯಿ ಬಿಟ್ಕಂಡು ಅಗೀರಿ, ಕಾಣ್ಲಿ" ಎಂದು ತಾವು ಮಾತ್ರ ಬಡಿಸುತ್ತಾ ಅಡ್ಡಾಡಿದರು.

ನೀಲಿ ಒಂದೇ ದಿನಕ್ಕೆ ಕಲಿಯಲಿಲ್ಲ. ನೆಕ್ಕುವುದು, ಉಗುಳುವುದು, ಮತ್ತೆ ನೆಕ್ಕುವುದು, ಹೀಗೆ ವರ್ಷವೇ ಹಿಡಿಯಿತು. ಮೊದಲು ಮೊಸರನ್ನ, ಆಮೇಲೆ ಹಾಲಲ್ಲಿ ನೆನೆಸಿದ ರೊಟ್ಟಿ. ಕೊಳವೆ ಹೋಯಿತು. ಮೊಟ್ಟೆಯನ್ನು ಮಾತ್ರ ಅವಳು ಮತ್ತೆ ಮುಟ್ಟಲೇ ಇಲ್ಲ. ಆದರೂ ಮಿಲ್ಲಿನಮ್ಮ ಕೇಳಿದವರಿಗೆಲ್ಲ, "ಅದು ಮೊಟ್ಟೆ ತಿನ್ನೋ ಮನೇ ಕೂಸಿನ ಕರುಳು, ನಂಗೆ ಗೊತ್ತಾಯ್ತು" ಎಂದೇ ಹೇಳುತ್ತಿದ್ದರು. ನಾನು ತಿದ್ದಲು ಹೋಗಲಿಲ್ಲ. ಆ ಗುರುತಿಲ್ಲದ ತಾಯಿಯನ್ನು ಲೆಕ್ಕದಿಂದ ಬಿಡಲು ಅವರಿಗೆ ಮನಸ್ಸಿರಲಿಲ್ಲ ಎಂದು ನನಗನ್ನಿಸುತ್ತದೆ. ನನ್ನ ಒಲೆಯ ಮಾತನ್ನು ಮತ್ತೆ ಎತ್ತಲಿಲ್ಲ. ಒಳಗೂ ಬರಲಿಲ್ಲ. ಮತ್ತೆ ಹೊಸ್ತಿಲೇ.

ಅಜ್ಜಿ ಮೊಮ್ಮಗಳ ನಡುವೆ ಒಂದು ಆಟ ಉಳಿಯಿತು. ತುತ್ತು ನುಂಗಿದ ಮೇಲೆ ನೀಲಿ ಬಾಯಿ ಅಗಲಿಸಿ ತೋರಿಸಬೇಕು, ಅಜ್ಜಿ ಬಗ್ಗಿ ನೋಡಿ "ಎಲ್ಲಾ ಹೋಯ್ತು" ಎನ್ನಬೇಕು. ಸ್ಕೂಲಿಗೆ ಸೇರಿದ ಮೇಲೂ ಅದು ನಿಲ್ಲಲಿಲ್ಲ. ಆ ಕಸಿ ಯಾವತ್ತಾದರೂ ಕೈಕೊಡಬಹುದು, ಹೊತ್ತು ಹೊತ್ತಿಗೆ ಮಾತ್ರೆ ತಪ್ಪುವಂತಿಲ್ಲ, ಒಂದು ನೆಗಡಿಗೂ ನಾವು ಚೆನ್ನೈಗೆ ಫೋನು ಮಾಡುತ್ತೇವೆ. ಅದಕ್ಕೇ ಆ ಮನೆಯಲ್ಲಿ ಇವತ್ತಿಗೂ ಯಾರೂ ನಿಶ್ಚಿಂತೆಯಿಂದ ಕೂರುವುದಿಲ್ಲ.

ಮಿಲ್ಲಿನಮ್ಮ ಹೋದ ದಿನ ಎಲ್ಲರೂ ಅಳುತ್ತಿದ್ದರು, ಐನೋರು ಬರುವುದನ್ನು ಕಾಯುತ್ತಿದ್ದರು. ಒಲೆ ಹತ್ತಿರಲಿಲ್ಲ, ಮಣ್ಣಾಗುವವರೆಗೆ ಹತ್ತುವುದೂ ಇಲ್ಲ. ನಾನು ಗೋಡೆಯ ಗಡಿಯಾರ ನೋಡುತ್ತಾ ಚಡಪಡಿಸುತ್ತಿದ್ದೆ, ನೀಲಿಯ ಊಟದ ಹೊತ್ತು, ಮಾತ್ರೆಯ ಹೊತ್ತು ಹತ್ತಿರವಾಗುತ್ತಿತ್ತು. ಮಾಸ್ಕು ಹಾಕಿಕೊಂಡು ತಾಯಿಗೆ ಒರಗಿದ್ದ ಅವಳು ಅಷ್ಟು ಜನದ ನಡುವೆ ಹೇಳಿದಳು:

"ಅವ್ವ, ನಂಗೆ ಹಸಿವಾಗೈತೆ."

ಕೆಲವರು ಶ್ ಎಂದರು. ಹಸಿವೆಂದರೆ ಏನೆಂದೇ ತಿಳಿಯದಿದ್ದ ಮಗು ಅದು. ನಾನು ಮನೆಗೆ ಓಡಿ ಉಪ್ಪಿಟ್ಟು ಕೆದಕಿ ತಂದೆ. ಹಿತ್ತಲಿಗೆ ಕರೆದೊಯ್ಯಲು ಕೈ ಹಿಡಿದರೆ ಕೊಸರಿಕೊಂಡಳು.

"ಇಲ್ಲೇ. ಅಜ್ಜಿ ಎದ್ರಿಗೆ."

"ಹೆಣ ಇಟ್ಕಂಡು ಅದ್ರೆದುರಿಗೆ ಉಣ್ಣೋದೇನವ್ವ?" ಎಂದರು ಕೊಂಡ್ಲಹಳ್ಳಿ ಚಿಕ್ಕಪ್ಪ.

ಎಂದೂ ದನಿ ಎತ್ತದ ಸೊಸೆ ತಲೆ ಎತ್ತಿದಳು. "ಈ ಮನೇಲಿ ಚಿಲಕ ಹಾಕ್ಕಂಡು ಉಂಡಿದ್ದು ಸಾಕು ಚಿಕ್ಕಪ್ಪ. ಉಣ್ಲಿ ಬಿಡ್ರಿ. ಅತ್ತೆ ನೋಡ್ಲಿ."

ನೀಲಿ ಅಜ್ಜಿಯ ಎದುರಿಗೆ ಚಕ್ಕಂಬಕ್ಕಲ ಹಾಕಿ ಕೂತು, ಮಾಸ್ಕು ಕೆಳಗೆ ಸರಿಸಿ, ನನ್ನ ಒಲೆಯ ಉಪ್ಪಿಟ್ಟನ್ನು ಒಂದೊಂದೇ ತುತ್ತು ತಿಂದಳು. ಭಜನೆಯವರು ತಾಳ ನಿಲ್ಲಿಸಿದ್ದರು. ತಟ್ಟೆ ಖಾಲಿಯಾದ ಮೇಲೆ ಎದ್ದು, ಅಜ್ಜಿಯ ಮುಖಕ್ಕೆ ಮುಖ ಹತ್ತಿರ ತಂದು, ಬಾಯಿ ಅಗಲಿಸಿ ತೋರಿಸಿದಳು. ಹಾಗೇ ಸ್ವಲ್ಪ ಹೊತ್ತು ಕಾದಳು. ಆಮೇಲೆ ಬಾಯಿ ಮುಚ್ಚಿ, ತಾನೇ ಮೆಲ್ಲಗೆ ಹೇಳಿದಳು:

"ಎಲ್ಲಾ ಹೋಯ್ತು ಅಜ್ಜಿ."